ಕೂಗದ ಕಾಲಕ್ಕೆ ಹೊರಟ ದೊಡ್ಡಮ್ಮ

ನಾನು ಕಿವಿಯಿಂದ ಹೊಟ್ಟೆ ಹೊರೆಯುವವನು. ಬಟ್ಟೆ ಒಗೆಯುವ ಮಿಷನ್ ಮಾರುವ ಕಂಪನಿಯೊಂದರ ದೂರು ವಿಭಾಗದಲ್ಲಿ ಕುಳಿತು, ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಊರಿನವರೆಲ್ಲ ಬೈಯುವುದನ್ನು ಕೇಳಿಸಿಕೊಳ್ಳುವುದು ನನ್ನ ಉದ್ಯೋಗ. ಬೈಗುಳ ಒಂದು ಹದಕ್ಕೆ ಬಂದ ಮೇಲೆ, "ದಯವಿಟ್ಟು ಫೋನ್ ಮಿಷನ್ ಹತ್ತಿರ ಹಿಡೀರಿ" ಅನ್ನುತ್ತೇನೆ. ಅವರು ಹಿಡಿಯುತ್ತಾರೆ. ನಾನು ಕಣ್ಣು ಮುಚ್ಚಿ ಕೇಳುತ್ತೇನೆ. ಗರಗರ ಅಂದರೆ ಬೇರಿಂಗು, ಟಪಟಪ ಅಂದರೆ ಬೆಲ್ಟು, ಕಿಣಿಕಿಣಿ ಅಂದರೆ ಪ್ಯಾಂಟಿನ ಜೇಬಿನಲ್ಲಿ ಮರೆತ ಚಿಲ್ಲರೆ. ಕಣ್ಣು ಮುಚ್ಚಿದರೆ ಕಿವಿ ತೆರೆಯುತ್ತದೆ ಎಂದು ನಮ್ಮ ಮ್ಯಾನೇಜರ್ ಮೊದಲ ದಿನವೇ ಹೇಳಿಕೊಟ್ಟಿದ್ದರು. ಬದುಕಿನಲ್ಲಿ ನಾನು ಪೂರ್ತಿ ಕಲಿತ ವಿದ್ಯೆ ಇದೊಂದೇ. ಸಂಬಳ ಏರಲಿಲ್ಲ, ಅಭ್ಯಾಸ ಮಾತ್ರ ಮೈಗೆ ಅಂಟಿತು. ಈಗ ಮನೆಯಲ್ಲೂ ಯಾರಾದರೂ ಮುಖ್ಯವಾದದ್ದನ್ನು ಹೇಳಲು ಹೊರಟರೆ ನನ್ನ ರೆಪ್ಪೆಗಳು ತಾವಾಗಿ ಇಳಿಯುತ್ತವೆ.

ದೊಡ್ಡಮ್ಮನಿಗೆ ಇದನ್ನು ಕಂಡರಾಗದು.

"ಮಾತಾಡ್ತಿರುವಾಗ ಕಣ್ಣು ಮುಚ್ತೀಯಲ್ಲ, ಮುಖದ ಮೇಲೇ ಬಾಗಿಲು ಹಾಕ್ದಂಗಿರುತ್ತೆ ಕಣೋ."

ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ. ನಮ್ಮ ಜೊತೆಗೇ ಇದ್ದಾಳೆ. ಅವಳ ಪ್ರಕಾರ ಕೇಳುವುದೂ ಕಣ್ಣಿನ ಕೆಲಸವೇ, ಏಕೆಂದರೆ ಅವಳ ಎರಡೂ ಕಿವಿಗಳನ್ನು ಗಿರಣಿ ತಿಂದು ಬಹಳ ಕಾಲವಾಯಿತು. ಓಡುವ ಮಗ್ಗಗಳ ಮಧ್ಯೆ ಹದಿಹರೆಯದಲ್ಲಿ ಹೋಗಿ ನಿಂತವಳು ತಲೆ ನರೆತ ಮೇಲೆ ಹೊರಗೆ ಬಂದಳು. ಬರುವಾಗ ಕಿವಿ ಅಲ್ಲೇ ಬಿಟ್ಟು ಬಂದೆ ಎಂದು, ಛತ್ರಿ ಮರೆತು ಬಂದವರ ಹಾಗೆ ಹೇಳುತ್ತಾಳೆ. ಕಿವಿಗೆ ಹಾಕುವ ಮಿಷನ್ನು ಒಂದಿದೆ, ಬೀರುವಿನ ಡ್ರಾಯರಿನಲ್ಲಿ. "ಅದನ್ನ ಹಾಕ್ಕೊಂಡ್ರೆ ನಿಮ್ಮ ಮಾತು ಕೇಳಲ್ಲ, ನೀವು ಚಮಚ ಬೀಳಿಸೋದು ಕೇಳುತ್ತೆ" ಎಂದು ಅದಕ್ಕೆ ನಿವೃತ್ತಿ ಕೊಟ್ಟಿದ್ದಾಳೆ.

ಹಾಗೆಂದು ಅವಳು ಮಾತಿಗೆ ಬಡವಳಲ್ಲ. ಮಗ್ಗದ ಶೆಡ್ಡಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳುತ್ತಿರಲಿಲ್ಲವಂತೆ. ಅದಕ್ಕೆ ಅಲ್ಲಿನ ಹೆಂಗಸರು ಸದ್ದೇ ಇಲ್ಲದ ಮಾತೊಂದನ್ನು ಕಟ್ಟಿಕೊಂಡಿದ್ದರು. ತುಟಿಗಳನ್ನು ಅಗಲವಾಗಿ, ನಿಧಾನವಾಗಿ ಆಡಿಸಬೇಕು. ಉಸಿರನ್ನೂ ಖರ್ಚು ಮಾಡುವಂತಿಲ್ಲ. ಕೈ ಬಿಡುವಿದ್ದರೆ ಒಂದೆರಡು ಸನ್ನೆ. ಎರಡು ಬೆರಳನ್ನು ಭುಜಕ್ಕೆ ಮುಟ್ಟಿಸಿದರೆ ಮೇಸ್ತ್ರಿ ಬರುತ್ತಿದ್ದಾನೆ ಎಂದು ಅರ್ಥ. ಅಂಗೈಯನ್ನು ಚಪ್ಪಟೆಯಾಗಿ ಮೇಲೆತ್ತಿದರೆ 'ಮಗ್ಗ ನಿಲ್ಲಿಸು' ಎಂದು. ಅದು ಎಲ್ಲಕ್ಕಿಂತ ದೊಡ್ಡ ಸನ್ನೆ. ಬಟ್ಟೆಯಲ್ಲಿ ಏನೋ ಕಂಡಿದೆ, ಮಾಡುತ್ತಿರುವುದನ್ನು ಬಿಟ್ಟು ನೋಡು ಎಂದು. ಮೋಜಿಗೆ ಅದನ್ನು ಎತ್ತುವಂತಿರಲಿಲ್ಲ.

ಈ ಮಾತನ್ನು ಈಗಲೂ ಬಲ್ಲವರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿದ್ದಾರೆ. ಗಿರಣಿಯಲ್ಲಿ ದೊಡ್ಡಮ್ಮನ ಬಲಗಡೆಯ ಮಗ್ಗ ಅವರದು. ನಾನು ಎದುರಿಗೆ 'ಅತ್ತೆ' ಎನ್ನುತ್ತೇನೆ, ಬೆನ್ನ ಹಿಂದೆ ಎಲ್ಲರ ಹಾಗೆ 'ಪಕ್ಕದ ಮಗ್ಗ' ಎನ್ನುತ್ತೇನೆ. ಅವರ ಮನೆ ನಮ್ಮ ಮನೆಯ ಎದುರಿಗೇ. ಅವರ ಎಡಗಿವಿಯಲ್ಲಿ ಇನ್ನೂ ಸ್ವಲ್ಪ ಜೀವವಿದೆ, ಆದರೆ ತಮಗೆ ಲಾಭವಿದ್ದಾಗ ಮಾತ್ರ. ಬೆಳಿಗ್ಗೆ ಇವಳು ಮಹಡಿಯ ಕಿಟಕಿಯಲ್ಲಿ, ಅವರು ಆ ಕಡೆ ಮಹಡಿಯ ಕಿಟಕಿಯಲ್ಲಿ. ಕೆಳಗೆ ಬೀದಿಯಲ್ಲಿ ಬಸ್ಸು, ಲಾರಿ, ತರಕಾರಿ ಗಾಡಿ. ಮೇಲೆ ಇಡೀ ಬೀದಿಯ ಗುಟ್ಟುಗಳು ಒಂದು ಚೂರೂ ಸದ್ದಿಲ್ಲದೆ ಈ ಕಡೆಯಿಂದ ಆ ಕಡೆಗೆ ದಾಟುತ್ತಿರುತ್ತವೆ. ಯಾರ ಬಗ್ಗೆ ಮಾತಾಡುತ್ತಿದ್ದಾರೋ ಆ ವ್ಯಕ್ತಿ ಅಡಿಯಲ್ಲೇ ನಡೆದು ಹೋಗುತ್ತಿರುತ್ತಾನೆ. ಎಷ್ಟೋ ಸಲ ಆ ವ್ಯಕ್ತಿ ನಾನೇ.

ಇನ್ನು ಹಕ್ಕಿಯ ವಿಷಯ.

ಗಿರಣಿಯಲ್ಲಿ ನೇಯುತ್ತಿದ್ದದ್ದು ಪರದೆಯ ಬಟ್ಟೆ. ಒಮ್ಮೆ ಹೊಸ ಡಿಸೈನ್ ಬಂತು. ನೀರಿನಲ್ಲಿ ಎತ್ತರಕ್ಕೆ ಬೆಳೆದು ನಿಂತ ಜೊಂಡು, ಕಂದು ಬಣ್ಣದ್ದು, ಬಟ್ಟೆಯ ತುಂಬ. ಮೊದಲ ದಿನವೇ ದೊಡ್ಡಮ್ಮ ಅಂಗೈ ಎತ್ತಿ ಮಗ್ಗ ನಿಲ್ಲಿಸಿದಳು. ಮೇಸ್ತ್ರಿ ಓಡಿ ಬಂದ.

"ಇಲ್ಲಿ ನೋಡಿ, ಜೊಂಡಿನ ಮಧ್ಯೆ ಏನೋ ದಪ್ಪಗಿದೆ. ಡಿಸೈನ್‌ನಲ್ಲೇ ತಪ್ಪಿದೆ."

ಮೇಸ್ತ್ರಿ ಕನ್ನಡಕ ಹಾಕಿಕೊಂಡು ನೋಡಿದ. "ತಪ್ಪಲ್ಲ ಕಣಮ್ಮ, ಅದು ಹಕ್ಕಿ. ಜೊಂಡಲ್ಲಿ ಅಡಗಿ ನಿಂತಿದೆ."

ಹೌದು, ದಿಟ್ಟಿಸಿ ನೋಡಿದರೆ ಹಕ್ಕಿ. ಮೈಮೇಲೆ ಜೊಂಡಿನದೇ ಗೀರು, ಜೊಂಡಿನದೇ ಬಣ್ಣ. ಕತ್ತನ್ನು ಕೋಲಿನ ಹಾಗೆ ಸೆಟೆಸಿ ಕೊಕ್ಕನ್ನು ನೆಟ್ಟಗೆ ಆಕಾಶಕ್ಕೆ ಮಾಡಿ ನಿಂತಿತ್ತು. ದೊಡ್ಡಮ್ಮ ಒಪ್ಪಲಿಲ್ಲ.

"ಯಾವ ಹಕ್ಕಿ ಹೀಗೆ ಕೊಕ್ಕು ಮೇಲೆ ಮಾಡ್ಕೊಂಡು ನಿಲ್ಲುತ್ತೆ? ಡಿಸೈನ್ ಬರೆದವನಿಗೆ ಅವತ್ತು ಕತ್ತು ಉಳುಕಿತ್ತೋ ಏನೋ."

"ನೇಯೋದು ನಿನ್ನ ಕೆಲಸ, ಹಕ್ಕಿ ನಿಲ್ಲಿಸೋದು ಅವನ ಕೆಲಸ" ಎಂದು ಮೇಸ್ತ್ರಿ ಮಗ್ಗ ಓಡಿಸಿದ.

ಆ ಬಟ್ಟೆ ಊರಿಗೆಲ್ಲ ಹಿಡಿಸಿಬಿಟ್ಟಿತು. ಗಿರಣಿ ಬಾಗಿಲು ಹಾಕುವವರೆಗೂ ದೊಡ್ಡಮ್ಮ ಅದನ್ನೇ ನೇಯ್ದಳು. ಆಸ್ಪತ್ರೆಯ ಕಿಟಕಿಗೆ ಅದೇ, ಶಾಲೆಯ ಸ್ಟಾಫ್ ರೂಮಿಗೆ ಅದೇ, ನಮ್ಮನೆ ಊಟದ ಕೋಣೆಗೂ ಅದೇ. ಒಂದೇ ಒಂದು ತಪ್ಪು ಬಟ್ಟೆಯನ್ನೂ ಕೈದಾಟಿ ಹೋಗಲು ಬಿಡದವಳು ಎಂದು ಶೆಡ್ಡಿನಲ್ಲಿ ಅವಳಿಗೆ ಹೆಸರು. ಅಂಥವಳಿಗೆ ಊರಿನ ಕಿಟಕಿಗಳಲ್ಲೆಲ್ಲ ತನ್ನದೇ ಕೈಯ ತಪ್ಪು ನೇತಾಡುತ್ತಿದೆಯೋ ಏನೋ ಎಂಬ ಅನುಮಾನ. ಊಟಕ್ಕೆ ಕೂತಾಗ ಪರದೆಯ ಕಡೆ ನೋಡಿ ಮೂಗು ಮುರಿಯುತ್ತಿದ್ದಳು. ಬಂದವರು ಸಾರಿಗೆ ಉಪ್ಪು ಹೆಚ್ಚಾಯಿತೇನೋ ಎಂದುಕೊಳ್ಳುತ್ತಿದ್ದರು.

ಕಳೆದ ವರ್ಷ ಕಣ್ಣಿನ ಡಾಕ್ಟರ ಕೋಣೆಯ ಹೊರಗೆ ಕಾಯುತ್ತಿದ್ದಾಗ ಗೋಡೆಯ ಟಿವಿಯಲ್ಲಿ ಒಂದು ಜವುಗು ಕಂಡಿತಂತೆ. ನೆರೆಯ ದೇಶದ್ದು ಎಂದು ಕೆಳಗೆ ಬರೆದಿತ್ತು. ಸದ್ದು ತೆಗೆದಿಟ್ಟ ಟಿವಿ. ಮಿಕ್ಕವರೆಲ್ಲ ಬೇಜಾರಿನಿಂದ ಕೂತಿದ್ದರು, ದೊಡ್ಡಮ್ಮನಿಗೆ ಅದು ಸರಿಯಾದ ಟಿವಿ. ಜೊಂಡು, ಜೊಂಡು, ಬರೀ ಜೊಂಡು. ಕೊನೆಗೆ ಒಂದು ಕ್ಷಣ ಏನೋ ದಪ್ಪಗೆ ಕಂಡಿತು. ಅಷ್ಟರಲ್ಲಿ ನರ್ಸು ಅವಳ ಭುಜ ತಟ್ಟಿ ಒಳಗೆ ಕರೆದಳು.

ಅವತ್ತು ಮನೆಗೆ ಬಂದವಳೇ ಹೇಳಿದಳು: "ಆ ಹಕ್ಕಿ ನಿಜವಾಗ್ಲೂ ಇದೆ. ನಾನು ಹೋಗಿ ನೋಡ್ಬೇಕು."

ನಾನು ಫೋನಿನಲ್ಲಿ ಹುಡುಕಿ ಫೋಟೋ ತೋರಿಸಿದೆ. ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರು, ಬಕಪಕ್ಷಿಯ ನೆಂಟ. ನಮ್ಮನೆಯಲ್ಲಿ ಮಾತ್ರ ಅದು ಜೊಂಡುಹಕ್ಕಿ. ಹೆಚ್ಚಿನ ಫೋಟೋಗಳಲ್ಲಿ ಕತ್ತು ಒಳಗೆಳೆದುಕೊಂಡು, ಊಟಕ್ಕೆ ಕರೆಯದ ಮಾವನ ಹಾಗೆ ಮುದುಡಿ ಕೂತಿತ್ತು. ಒಂದರಲ್ಲಿ ಕೊಕ್ಕು ಮೇಲಿತ್ತು.

"ನೋಡು, ಹೀಗೇ ನಿಲ್ಲುತ್ತೆ" ಎಂದೆ.

"ಫೋಟೋ ತೆಗೆದಾಗ ಗಂಟಲಲ್ಲಿ ಮೀನು ಸಿಕ್ಕಿರಬಹುದು. ಒಂದ್ಸಲ ಕೊಕ್ಕೆತ್ತೋದು ಬೇರೆ, ನಿಲ್ಲೋದು ಬೇರೆ. ನಾನು ನೇಯ್ದಿರೋದು ನಿಂತಿರೋ ಹಕ್ಕಿ."

ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. ದೊಡ್ಡಮ್ಮನ ಎದುರಿಗೆ, ದೀಪದ ಕೆಳಗೆ ಬಂದು ನಿಂತಳು. ನಮ್ಮನೆಯಲ್ಲಿ ಜಗಳವನ್ನೂ ಬೆಳಕು ನೋಡಿಕೊಂಡೇ ಆಡಬೇಕು.

"ಅಕ್ಕಾ, ಪಕ್ಕದ ಬೀದಿಗೆ ಹೋದ್ರೆ ನಿಂಗೆ ಗಾಡಿ ಹಾರ್ನ್ ಕೇಳಲ್ಲ. ಪರದೇಶಕ್ಕೆ ಹೋಗ್ತೀಯಾ?"

"ಅಲ್ಲಿನ ಹಾರ್ನೂ ಕೇಳಲ್ಲ. ಅಷ್ಟೇ ತಾನೇ?"

"ಅಲ್ಲಿ ಯಾರಾದ್ರೂ ಏನಾದ್ರೂ ಕೇಳಿದ್ರೆ?"

"ಅವರ ಭಾಷೆ ನಿಂಗೆ ಬರುತ್ತಾ? ಕೇಳಿಸಿದ್ರೂ ನಿಂಗೆ ಅರ್ಥ ಆಗಲ್ಲ. ನಾನು ನಿನಗಿಂತ ಒಂದು ಕಷ್ಟ ಕಮ್ಮಿ ಪಡ್ತೀನಿ."

ಅಮ್ಮ ಸೋತಳು, ಆದರೆ ಸೋಲನ್ನು ಷರತ್ತು ಮಾಡಿದಳು. ಕಿವಿ ಇರುವವರು ಒಬ್ಬರು ಜೊತೆಗಿರಬೇಕು. ಪಕ್ಕದ ಮಗ್ಗ ಹೋಗುವುದು ಹೇಗೂ ಖಚಿತ, ಆದರೆ ಅವರ ಎಡಗಿವಿಯನ್ನು ನಂಬುವ ಹಾಗಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಮನೆಯಲ್ಲಿ ಯಾವುದಕ್ಕೂ ಲೆಕ್ಕಕ್ಕಿಲ್ಲದವನು ಒಮ್ಮೆಲೇ ಒಂದು ಜೊತೆ ಕಿವಿಯಾಗಿ ಆಯ್ಕೆಯಾದೆ.

ಹುರುಪಿನಿಂದ ಕೆಲಸ ಶುರುಮಾಡಿದೆ. ಹಕ್ಕಿ ಹುಚ್ಚಿನವರು ಬರೆದದ್ದನ್ನೆಲ್ಲ ಓದಿದೆ. ಎಲ್ಲರೂ ಹೇಳುವುದು ಒಂದೇ: ಈ ಹಕ್ಕಿ ಕಣ್ಣಿಗೆ ಬೀಳುವುದು ದುರ್ಲಭ, ಹುಡುಕಬೇಕಾದ್ದು ಕೂಗಿನಿಂದ. ಮರಿ ಮಾಡುವ ಕಾಲದಲ್ಲಿ ಕತ್ತಲಾದ ಮೇಲೆ ಖಾಲಿ ಸೀಸೆಯ ಬಾಯಿಗೆ ಊದಿದ ಹಾಗೆ ಬೂಂ ಎನ್ನುತ್ತದೆ. ಕೂಗು ಕೇಳಿದರೆ ಸಾಕು, ಹಕ್ಕಿ ಸಿಕ್ಕಿತು ಎಂದೇ ಅವರ ಲೆಕ್ಕ. ಕೇಳಿದವರು ಕೈಕುಲುಕಿಕೊಂಡು ಮನೆಗೆ ಹೋಗುತ್ತಾರೆ. ನಾನು ಆ ಕಾಲವನ್ನೇ ಹಿಡಿದು, ಕತ್ತಲಲ್ಲಿ ಕರೆದೊಯ್ಯುವ ದೋಣಿಯಲ್ಲಿ ನಮ್ಮ ಮೂವರಿಗೆ ಜಾಗ ಗೊತ್ತುಮಾಡಿ, ದೋಣಿಯವರ ಚಿತ್ರವನ್ನು ಹೆಮ್ಮೆಯಿಂದ ತಂದು ಊಟದ ಮೇಜಿನ ಮೇಲಿಟ್ಟೆ.

ಚಿತ್ರದಲ್ಲಿ ಕತ್ತಲು. ದೋಣಿಯ ತುಂಬ ಜನ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಕಣ್ಣು ಮುಚ್ಚಿ, ಪರಮಾನಂದದಲ್ಲಿದ್ದರು. ದೊಡ್ಡಮ್ಮ ಅದನ್ನು ಬಹಳ ಹೊತ್ತು ನೋಡಿದಳು.

"ಇವರೆಲ್ಲ ನಿನ್ನ ಆಫೀಸಿನವ್ರಾ?"

ಕಾಫಿಗೆಂದು ಬಂದು ಕೂತಿದ್ದ ಪಕ್ಕದ ಮಗ್ಗ ಮೇಜಿಗೆ ಹಣೆ ಹಚ್ಚಿ ನಕ್ಕರು.

"ಅಲ್ಲ ದೊಡ್ಡಮ್ಮ, ಹಕ್ಕಿ ಕೂಗೋದನ್ನ..." ಎನ್ನುತ್ತಿದ್ದ ಹಾಗೆ ನನಗೇ ಹೊಳೆದು ಮಾತು ಅಲ್ಲೇ ನಿಂತಿತು.

"ಹೇಳು. ಕತ್ತಲಲ್ಲಿ ನಾನು ದೋಣೀಲಿ ಕೂತಿರ್ತೀನಿ. ಹಕ್ಕಿ ಕಾಣಲ್ಲ. ನಿನ್ನ ಬಾಯೂ ಕಾಣಲ್ಲ. ನೀನು ಕೇಳಿಸ್ಕೊಂಡು ಬಂದು ಬೆಳಗಾದ ಮೇಲೆ ನಂಗೆ ವರದಿ ಕೊಡ್ತೀಯಾ?"

ಅವಳಿಗೆ ಕೋಪ ಬಂದಿರಲಿಲ್ಲ. ಅದೇ ನನ್ನನ್ನು ಚುಚ್ಚಿದ್ದು. ದಿನವಿಡೀ ಕಂಡವರ ಮಿಷನ್ ಸದ್ದು ಆಲಿಸುವ ನಾನು, ಹುಟ್ಟಿದಾಗಿನಿಂದ ಎದುರಿಗಿರುವ ದೊಡ್ಡಮ್ಮನಿಗೆ ಕತ್ತಲಲ್ಲಿ ಕೂತು ಹಾಡು ಕೇಳುವ ಪ್ರವಾಸ ಏರ್ಪಾಡು ಮಾಡಿದ್ದೆ!

ಪಕ್ಕದ ಮಗ್ಗ ನಗು ಒರೆಸಿಕೊಂಡು ಕೇಳಿದರು: "ಅದು ಕೂಗದೇ ಇರೋದು ಯಾವಾಗ?"

ನನಗೆ ಗೊತ್ತಿರಲಿಲ್ಲ. ಆ ಜವುಗಿನ ಕಾವಲುಗಾರನಿಗೆ, ಫೋನಿನಲ್ಲೇ ಅನುವಾದ ಮಾಡಿಸಿ, ಬರೆದು ಕೇಳಿದೆ. ಅವನ ಉತ್ತರ ಬಂತು. ಮಳೆಗಾಲ ದೂರ ಸರಿದು ನೀರು ಇಳಿದ ಮೇಲೆ ಹಕ್ಕಿ ಕೂಗುವುದಿಲ್ಲ, ಆಗ ಅದನ್ನು ಹುಡುಕಲು ಯಾರೂ ಬರುವುದಿಲ್ಲ, ಬಂದು ಪ್ರಯೋಜನವೂ ಇಲ್ಲ ಎಂದು ಬರೆದಿದ್ದ. ನಾನು ಓದಿ ಹೇಳಿದೆ, ದೀಪದ ಕೆಳಗೆ, ಎರಡೂ ಕಣ್ಣು ಬಿಟ್ಟುಕೊಂಡು.

"ಪ್ರಯೋಜನ ಇಲ್ಲ ಅಂದ್ರೆ? ಹಕ್ಕಿ ಎಲ್ಲಿಗಾದ್ರೂ ಹೋಗಿರುತ್ತಾ?" ದೊಡ್ಡಮ್ಮ ಕೇಳಿದಳು.

"ಅಲ್ಲೇ ಇರುತ್ತಂತೆ. ಕೂಗಲ್ಲ, ಹಾಗಾಗಿ ಸಿಗಲ್ಲ ಅಂತೆ."

"ಸದ್ದು ಮಾಡ್ದಿದ್ರೆ ಇಲ್ಲ ಅಂತಾನಾ? ಒಳ್ಳೆ ಜನ."

"ನೀರು ಕಮ್ಮಿ ಆದ್ರೆ ಮೀನು ಎಲ್ಲಿರುತ್ತೆ?" ಪಕ್ಕದ ಮಗ್ಗ ಕೇಳಿದರು. ಯೋಚಿಸಿ ತಾವೇ ಹೇಳಿದರು, "ನಡುವಿನ ಕಾಲುವೇಲಿ. ಹಕ್ಕಿ ತಿನ್ಬೇಕಾದ್ರೆ ಜೊಂಡಿನ ಅಂಚಿಗೆ ಬರ್ಲೇಬೇಕಲ್ಲ. ಹಗಲಲ್ಲೇ ಬರ್ಬೇಕು ಅಂತೇನಿಲ್ಲ. ಆದ್ರೆ ಬರ್ಬಾರ್ದು ಅಂತಾನೂ ಇಲ್ಲ."

ಇದನ್ನು ಕಾವಲುಗಾರನಿಗೆ ಬರೆದೆ. ಬರಬಹುದು, ತಾನೇ ಕೆಲವು ಸಲ ಕಂಡಿದ್ದೇನೆ, ಆದರೆ ಯಾರಿಗೂ ಖಾತ್ರಿ ಕೊಡಲಾರೆ ಎಂದು ಅವನು ಬರೆದ. ಆಮೇಲೆ ಅವನಿಗೂ ಉತ್ಸಾಹ ಹತ್ತಿತು. ನಾವು ಕೇಳದೆಯೇ ಬರೆಯತೊಡಗಿದ: ಈ ವಾರ ನೀರು ಇನ್ನೂ ಮೇಲಿದೆ, ಈ ವಾರ ಕಾಲುವೆಯ ಆಚೀಚೆ ಕೂರಲು ಹಲಗೆ ಹಾಕಿಸಿದ್ದೇನೆ. ಯಾರೂ ಬರದ ಕಾಲದಲ್ಲಿ ತನ್ನ ಜವುಗಿಗೆ ನೆಂಟರು ಬರುತ್ತಿರುವುದು ಅವನಿಗೆ ಸಂಭ್ರಮವಾಗಿರಬೇಕು.

ಇನ್ನು ಉಳಿದದ್ದು ಏರ್ಪಾಡು. ಅದರಲ್ಲಿ ನಾನು ಇನ್ನಷ್ಟು ಹಣ್ಣಾದೆ. ರೈಲಿನಲ್ಲಿ ಇಬ್ಬರಿಗೂ ಅಕ್ಕಪಕ್ಕದ ಸೀಟು ಹಿಡಿದಿದ್ದೆ. ಬೇಡ, ಎದುರುಬದುರು ಬೇಕು. ಅಕ್ಕಪಕ್ಕ ಕೂತರೆ ಬಾಯಿ ಕಾಣುವುದಿಲ್ಲ. ಹೋಟೆಲಿನಲ್ಲಿ ಒತ್ತಿಗೊತ್ತಿ ಇರುವ ಕೋಣೆಗಳು ಬೇಡ, ಅಂಗಳದ ಆ ಕಡೆ ಒಂದು, ಈ ಕಡೆ ಒಂದು, ಕಿಟಕಿಗೆ ಕಿಟಕಿ ಎದುರಾಗಿರಬೇಕು. ಟಿಕೆಟ್ ಮಾಡಿಸುವ ಏಜೆಂಟು ಫೋನಿನಲ್ಲಿ ದನಿ ತಗ್ಗಿಸಿ ಕೇಳಿದ:

"ಸರ್, ಇಬ್ಬರಿಗೂ ಏನಾದ್ರೂ ಜಗಳಾನಾ?"

"ಇಲ್ಲಪ್ಪ. ಮಾತಾಡ್ಬೇಕಂತೆ."

"ಆಯ್ತು ಸರ್" ಎಂದು ಅವನು ಇನ್ನಷ್ಟು ದನಿ ತಗ್ಗಿಸಿ ಬುಕ್ ಮಾಡಿದ.

ರಜೆ ಕೇಳಲು ಮ್ಯಾನೇಜರ್ ಹತ್ತಿರ ಹೋದೆ. ಹಕ್ಕಿಯ ಸಲುವಾಗಿ ಎಂದೆ. ಕೂಗುವ ಹಕ್ಕಿಯಾ ಎಂದು ಕೇಳಿದರು, ಅವರದೂ ನಮ್ಮದೇ ಕಸುಬಲ್ಲವೇ. ಕೂಗುತ್ತದೆ ಸರ್, ಆದರೆ ನಾವು ಹೋಗುತ್ತಿರುವುದು ಕೂಗದಿರುವಾಗ ಎಂದೆ. ಅವರು ಕಣ್ಣು ಮುಚ್ಚಿಕೊಂಡು, "ಇನ್ನೊಂದ್ಸಲ ಹೇಳಿ" ಎಂದರು.

ಭಾನುವಾರ ಬೆಳಿಗ್ಗೆ ಪಾರ್ಕಿನ ಕೊಳದ ಹತ್ತಿರ ಅಭ್ಯಾಸ. ದೊಡ್ಡಮ್ಮ ಮತ್ತು ನಾನು ಈ ದಡದಲ್ಲಿ, ಪಕ್ಕದ ಮಗ್ಗ ಆ ದಡದಲ್ಲಿ. ಅಲುಗದೆ ಕೂರಬೇಕು. ಜೀವನವಿಡೀ ಮಗ್ಗದ ಮುಂದೆ ನಿಂತು ಕಣ್ಣನ್ನಷ್ಟೇ ಓಡಿಸಿದವರಿಗೆ ಇದು ಕಷ್ಟವೇ ಅಲ್ಲ. ಕುರ್ಚಿಯಲ್ಲಿ ಕೂತೇ ಸಂಬಳ ಪಡೆಯುವ ನನಗೆ ಕೂರುವುದೇ ಬರಲಿಲ್ಲ. ತುರಿಕೆ, ಸೀನು, ಕಾಲು ಜೋಮು. ನನ್ನ ಅನುಕೂಲಕ್ಕೆ ದೊಡ್ಡಮ್ಮ ಒಂದೇ ಸನ್ನೆ ಕಲಿಸಿದಳು, ಅಂಗೈಯದು.

"ಇದೊಂದು ನೆನಪಿಟ್ಕೋ. ಅವಳು ಕೈ ಎತ್ತಿದ್ರೆ ಮಗ್ಗ ನಿಲ್ಸು. ಉಸಿರನ್ನೂ ನಿಲ್ಸಿ ನೋಡು."

ಪಾರ್ಕಿನ ಮಾಲಿ ನನ್ನನ್ನು ಪಕ್ಕಕ್ಕೆ ಕರೆದು, "ಆ ಇಬ್ಬರು ಅಮ್ಮಂದಿರಿಗೆ ಪಾಪ ಮಾತು ಬರಲ್ವಾ?" ಎಂದು ಮರುಗಿದ. ಆ ದಡದಿಂದ ಈ ದಡಕ್ಕೆ ಆಗ ಹೋಗುತ್ತಿದ್ದ ಮಾತು ಅವನ ಮೀಸೆಯ ಬಗ್ಗೆಯೇ ಎಂದು ನಾನು ಹೇಳಲಿಲ್ಲ.

ಗಡಿ ದಾಟುವ ರೈಲಿನಲ್ಲಿ ಇಬ್ಬರೂ ಇಡೀ ದಾರಿ ಹರಟಿದರು. ನಮ್ಮ ಬೋಗಿ ಎಷ್ಟು ಶಾಂತವಾಗಿದೆ ಎಂದು ಸಹಪ್ರಯಾಣಿಕರು ಮೆಚ್ಚಿಕೊಂಡರು. ಗಡಿಯಲ್ಲಿ ಅಧಿಕಾರಿ ಏನೋ ಕೇಳಿದ. ನಾನು ನನ್ನ ಎರಡು ಕಿವಿಗಳನ್ನು ನಿಮಿರಿಸಿ ಕೇಳಿ, ಏನೂ ತಿಳಿಯದೆ ಬೆವರಿದೆ. ದೊಡ್ಡಮ್ಮ ಅವನ ಮುಖವನ್ನೊಮ್ಮೆ ನೋಡಿ, ಎರಡು ಕೈ ಜೋಡಿಸಿ ರೆಕ್ಕೆ ಬಡಿದಳು. ಕಣ್ಣಿನ ಕಡೆ ಬೆರಳು ತೋರಿಸಿದಳು. ಅವನು ನಕ್ಕು ಮುದ್ರೆ ಒತ್ತಿದ.

ಕಾವಲುಗಾರ ಸ್ಟೇಷನ್ನಿಗೇ ಬಂದಿದ್ದ. ಎತ್ತರದ ಮನುಷ್ಯ, ಮಾತು ಕಡಿಮೆ. ಅವನೊಂದಿಗೆ ಮುರುಕು ಪದಗಳಲ್ಲಿ ವ್ಯವಹರಿಸುತ್ತಿದ್ದ ನಾನು ಮಧ್ಯಾಹ್ನದ ಹೊತ್ತಿಗೆ ಬೇಡದವನಾದೆ. ಅವರು ಮೂವರೂ ಕೈಯಲ್ಲೇ ನೀರಿನ ಮಟ್ಟ, ಗಾಳಿಯ ದಿಕ್ಕು, ಅವನ ಮಕ್ಕಳ ಎತ್ತರ ಎಲ್ಲವನ್ನೂ ಮಾತಾಡಿ ಮುಗಿಸಿದ್ದರು.

ಮೊದಲ ದಿನ ಜೊಂಡು ಬಿಟ್ಟು ಬೇರೇನೂ ಕಾಣಲಿಲ್ಲ. ಸಂಜೆ ನಾನು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದಿಗೆ ದೂರದಲ್ಲಿ ಎರಡು ಬಾತುಗಳು ಎದ್ದು ಹೋದವು. ಕಾವಲುಗಾರ ನನ್ನನ್ನು ನೋಡಿದ ನೋಟಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ. ಎರಡನೆಯ ದಿನ ಗಾಳಿ ಬೀಸಿ ಜೊಂಡೆಲ್ಲ ಒಂದೇ ಸಮನೆ ಓಲಾಡಿತು. ರಾತ್ರಿ ಊಟದ ಮೇಜಿನಲ್ಲಿ ದೊಡ್ಡಮ್ಮ ಹೆಚ್ಚು ಮಾತಾಡಲಿಲ್ಲ. ತುಟಿಯಲ್ಲೂ ಇಲ್ಲ.

"ಸಿಗದಿದ್ರೆ?" ಎಂದೆ. ಕೇಳಬಾರದಿತ್ತು.

"ಸಿಗದಿದ್ರೆ ಹೋಗಿ ಆ ಪರದೆ ಬಿಚ್ಚಿಡ್ತೀನಿ. ತಪ್ಪೋ ಸರೀನೋ ಗೊತ್ತಿಲ್ಲದ ಬಟ್ಟೆ ನೋಡ್ಕೊಂಡು ಇನ್ನೆಷ್ಟು ವರ್ಷ ಊಟ ಮಾಡ್ಲಿ?"

ನಗುತ್ತಲೇ ಹೇಳಿದಳು. ಪಕ್ಕದ ಮಗ್ಗ ನಗಲಿಲ್ಲ. ಅವರು ತಟ್ಟೆಯಿಂದ ತಲೆಯೆತ್ತದೇ ಇದ್ದುದನ್ನು ಕಂಡು ನನಗೆ ಗೊತ್ತಾಯಿತು, ದೊಡ್ಡಮ್ಮ ಬಿಚ್ಚಿಡುವವಳೇ.

ಮಾರನೆಯ ಬೆಳಿಗ್ಗೆಯೇ ಕೊನೆಯದು, ಮಧ್ಯಾಹ್ನ ರೈಲು. ಗಾಳಿ ನಿಂತಿತ್ತು. ಕಾಲುವೆಯ ಈ ಕಡೆಯ ಹಲಗೆಯ ಮೇಲೆ ದೊಡ್ಡಮ್ಮ, ಅವಳ ಪಕ್ಕ ಅವಳ ಕಿವಿಯಾದ ನಾನು. ಆ ಕಡೆಯ ಹಲಗೆಯ ಮೇಲೆ ಪಕ್ಕದ ಮಗ್ಗ ಮತ್ತು ಕಾವಲುಗಾರ. ನಮ್ಮ ಕಡೆಯ ಜೊಂಡು ಅವರಿಗೆ ಕಾಣುತ್ತದೆ, ಅವರ ಕಡೆಯದು ನಮಗೆ. ಪಕ್ಕದ ಮಗ್ಗದಲ್ಲಿ ದಾರ ಹರಿದರೆ ಮೊದಲು ಕಾಣುವುದು ಈ ಮಗ್ಗದವಳಿಗೆ, ಇದೂ ಹಾಗೆಯೇ ಎಂದು ಅವರೇ ಮಾಡಿದ ವ್ಯವಸ್ಥೆ. ಬಿಸಿಲು ಏರಿತು. ನಾನು ಬಿಸ್ಕತ್ತು ಮುಟ್ಟಲಿಲ್ಲ, ಕೆಮ್ಮನ್ನು ನುಂಗಿದೆ, ನನ್ನ ಮಟ್ಟಿಗೆ ಅದು ತಪಸ್ಸು.

ಆಗ ಎಡಗಡೆ, ತೀರ ಹತ್ತಿರ, ಚಳಕ್ ಎಂದಿತು.

ಇದು ನನ್ನ ಘಳಿಗೆ! ಇದಕ್ಕೇ ಅಲ್ಲವೇ ಅಮ್ಮ ನನ್ನನ್ನು ಕಳಿಸಿದ್ದು. ಮೀನೋ? ಕಪ್ಪೆಯೋ? ಹೆಜ್ಜೆಯೋ? ಮತ್ತೊಮ್ಮೆ, ಚಳಕ್. ಒಂದು ಕಾಲು ಎತ್ತಿ ಇಟ್ಟ ಹಾಗೆ. ಕೆಸರಿನಿಂದ ಬೆರಳು ಬಿಡಿಸಿಕೊಂಡ ಹಾಗೆ. ಹೆಜ್ಜೆಯೇ, ಸಂಶಯವಿಲ್ಲ. ಎಡಕ್ಕೆ, ಸ್ವಲ್ಪ ಮುಂದಕ್ಕೆ. ಈಗ ನಿಂತಿತು. ನಾನು ಮೌನವನ್ನೂ ಬಿಡದೆ ಆಲಿಸಿದೆ. ಬೇರಿಂಗಿಗೂ ಬೆಲ್ಟಿಗೂ ವ್ಯತ್ಯಾಸ ಹೇಳುವ ಈ ಕಿವಿಗಳು ಅಷ್ಟು ಚೂಪಾಗಿ ಎಂದೂ ಕೆಲಸ ಮಾಡಿರಲಿಲ್ಲ. ಸಂಭ್ರಮದಿಂದ ದೊಡ್ಡಮ್ಮನಿಗೆ ಹೇಳಲೆಂದು ತಿರುಗಿದೆ.

ತಿರುಗಿದ ಮೇಲೆ ತಿಳಿಯಿತು, ನಾನು ಕಣ್ಣು ಮುಚ್ಚಿಕೊಂಡಿದ್ದೆ ಎಂದು.

ಬಿಟ್ಟು ನೋಡಿದರೆ ಆ ಕಡೆ ಪಕ್ಕದ ಮಗ್ಗದ ಅಂಗೈ ಗಾಳಿಯಲ್ಲಿತ್ತು, ಚಪ್ಪಟೆಯಾಗಿ, ಎತ್ತಿ ಬಹಳ ಹೊತ್ತಾಗಿರಬೇಕು, ತೋಳು ನಡುಗುತ್ತಿತ್ತು. ಈ ಕಡೆ ದೊಡ್ಡಮ್ಮನ ಅಂಗೈಯೂ ಮೇಲಿತ್ತು. ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಜೊಂಡು. ಅದರಲ್ಲಿ ಒಂದಿಷ್ಟು, ಗಾಳಿಯೇ ಇಲ್ಲದಿದ್ದರೂ, ಆಗಷ್ಟೇ ಯಾರೋ ಒಳಗೆ ಹೋದ ಬಾಗಿಲ ಪರದೆಯ ಹಾಗೆ ಅಲುಗಿ ಸುಮ್ಮನಾಯಿತು.

"ಎಲ್ಲಿ?" ಎಂದೆ.

"ಹೋಯ್ತು." ಅವಳು ಕೈ ಇಳಿಸಿ ನನ್ನನ್ನು ನೋಡಿದಳು. "ನಿದ್ದೆ ಮಾಡಿದ್ಯಾ?"

"ಇಲ್ಲ ದೊಡ್ಡಮ್ಮ, ಕೇಳ್ತಿದ್ದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡಮ್ಮನ ನಗು ಬಹಳ ಜೋರು, ಅವಳಿಗೆ ಅದರ ಅಳತೆ ಗೊತ್ತಿಲ್ಲ. ಆ ನಗುವಿಗೆ ಇಡೀ ಜವುಗಿನ ಹಕ್ಕಿಗಳೆಲ್ಲ ಎದ್ದು ಹಾರಿದವು. ಕಾಣಬೇಕಾದ್ದು ಕಂಡಾಗಿತ್ತು. ಆ ಕಡೆ ಕಾವಲುಗಾರನೂ ನಗುತ್ತಿದ್ದ.

ಸ್ಟೇಷನ್ನಿನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಇಬ್ಬರೂ ನನಗೆ ಕಥೆ ಹೇಳಿದರು, ನೋಡದವನಿಗೆ ಹೇಳುವ ಕರುಣೆಯಿಂದ. ಹಕ್ಕಿ ನಮ್ಮ ಹಲಗೆಯ ಬುಡದಿಂದಲೇ ಹೊರಬಂತಂತೆ. ಮೊದಲು ಪಕ್ಕದ ಮಗ್ಗಕ್ಕೆ ಕಂಡು, ಅವರು ಕೈ ಎತ್ತಿದರು. ದೊಡ್ಡಮ್ಮ ಕತ್ತು ತಿರುಗಿಸದೆ ಕಣ್ಣನ್ನಷ್ಟೇ ಹೊರಳಿಸಿದಳು. ಹಕ್ಕಿ ಎರಡು ಹೆಜ್ಜೆ ಇಟ್ಟು, ಏನನ್ನೋ ಕುಕ್ಕಿ, ಆಮೇಲೆ ಅವಳಿರುವುದು ಗೊತ್ತಾಗಿ ನಿಂತುಬಿಟ್ಟಿತು. ಮೈ ಸಣ್ಣಗಾಯಿತು. ಕತ್ತು ಕೋಲಾಯಿತು. ಕೊಕ್ಕು ನೆಟ್ಟಗೆ ಆಕಾಶಕ್ಕೆ.

"ನಿಂತೇ ಇತ್ತು ಕಣೋ. ಗಲ್ಲದ ಕೆಳಗಿಂದ ಎರಡೂ ಕಣ್ಣಲ್ಲಿ ನನ್ನನ್ನೇ ನೋಡ್ತಾ ನಿಂತಿತ್ತು. ನಾನೂ ನೋಡ್ತಾ ಇದ್ದೆ. ಇಬ್ಬರೂ ಮಗ್ಗ ನಿಲ್ಸಿದ್ವಿ."

"ಹಾಗಾದ್ರೆ ಡಿಸೈನ್ ಸರಿ?" ಎಂದೆ.

"ಸರಿ. ಕತ್ತು ಉಳುಕಿರ್ಲಿಲ್ಲ ಆ ಮನುಷ್ಯನಿಗೆ. ಪಾಪ, ಇಷ್ಟು ವರ್ಷ ಬೈದೆ." ಚಹಾ ಊದಿಕೊಂಡಳು. "ಆದ್ರೆ ಒಂದ್ಸಲ ಗಾಳಿ ಸಣ್ಣಗೆ ಬಂತು. ಜೊಂಡು ಓಲಾಡ್ತು. ಅದೂ ಜೊಂಡಿನ ಜೊತೇಲೇ ಓಲಾಡ್ತು, ನಿಂತಲ್ಲೇ, ಅದೇ ತಾಳಕ್ಕೆ. ಅದೊಂದನ್ನ ಮಾತ್ರ ಬಟ್ಟೇಲಿ ಹಾಕೋಕಾಗ್ಲಿಲ್ಲ ಅವನಿಗೆ."

ಪಕ್ಕದ ಮಗ್ಗ ಬೇಕೆಂದೇ ದೊಡ್ಡಮ್ಮನ ಎದುರಿಗೆ ಬಂದು ನಿಂತು, ಸದ್ದಿಲ್ಲದೆ ಏನೋ ಹೇಳಿದರು. ದೊಡ್ಡಮ್ಮನ ಚಹಾ ತುಟಿಯ ಹತ್ತಿರವೇ ನಿಂತಿತು. ನನಗೆ ಓದಲಾಗಲಿಲ್ಲ. ಏನಂದ್ರಿ ಅತ್ತೆ ಎಂದು ಎಷ್ಟು ಕೇಳಿದರೂ, "ಮನೆಗೆ ನಡಿ" ಎಂದರು.

ಮನೆ ತಲುಪಿದಾಗ ಅಮ್ಮ ಹಾಲು ಕಾಯಲು ಇಟ್ಟು ಬಾಗಿಲಿಗೆ ಓಡಿ ಬಂದಳು. ಹೇಗಿತ್ತು, ಕಂಡಿತಾ, ನೀನು ನೋಡಿದೆಯಾ ಎಂದು ನನ್ನನ್ನೇ ಮೊದಲು ಕೇಳಿದಳು. ನಾನು ಉತ್ತರ ಹುಡುಕುತ್ತಿದ್ದಾಗ ದೊಡ್ಡಮ್ಮ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಊಟದ ಕೋಣೆಗೆ ಹೋಗಿ, ಪರದೆ ಸರಿಸಿ, ಅದರ ಹಿಂದಿನ ಕಿಟಕಿಯ ಬಾಗಿಲು ದೂಡಿ, ಪರದೆಯನ್ನು ಮತ್ತೆ ಇಳಿಬಿಟ್ಟಳು. ಆ ಕಿಟಕಿಯನ್ನು ಬೀದಿಯ ಧೂಳಿಗೆ ಹೆದರಿ ನಾವು ತೆಗೆಯುವುದೇ ಇಲ್ಲ.

ಗಾಳಿ ಒಳಗೆ ಬಂತು. ಜೊಂಡು ಓಲಾಡಿತು. ಜೊಂಡಿನೊಳಗೆ ಕೊಕ್ಕೆತ್ತಿ ನಿಂತಿದ್ದದ್ದು, ಅದರ ಜೊತೆಗೇ, ಅದೇ ತಾಳಕ್ಕೆ ಓಲಾಡಿತು. ಸ್ಟೇಷನ್ನಿನಲ್ಲಿ ಅತ್ತೆಯ ತುಟಿ ಹೇಳಿದ್ದು ಇದನ್ನೇ ಇರಬೇಕು.

ದೊಡ್ಡಮ್ಮ ನಮ್ಮ ಕಡೆ ತಿರುಗದೆಯೇ ಅಂಗೈ ಎತ್ತಿದಳು.

ಅಮ್ಮ ನಿಂತಲ್ಲೇ ನಿಂತಳು. ನಾನೂ ನಿಂತೆ. ಅಡುಗೆಮನೆಯಲ್ಲಿ ಹಾಲು ಏರುವ ಸದ್ದು, ಆಮೇಲೆ ಅದು ಉಕ್ಕಿ ಒಲೆಯ ಮೇಲೆ ಸುರಿದು ಚುಂಯ್ ಎಂದ ಸದ್ದು, ಎರಡೂ ನನಗೆ ಸ್ಪಷ್ಟವಾಗಿ ಕೇಳಿಸಿದವು. ಅಮ್ಮನಿಗೂ ಕೇಳಿಸಿರಬೇಕು. ಇಬ್ಬರೂ ಬಾಯಿ ಬಿಡಲಿಲ್ಲ. ನಾನಂತೂ ರೆಪ್ಪೆ ಕೂಡ ಬಡಿಯಲಿಲ್ಲ.